ಉಸಿರಾಡೋ ರೈನ್‌ಕೋಟು

ನಮ್ಮ ಜಿಲ್ಲೆಯ ಮಳೆಯ ಮಾತೆತ್ತಿದರೆ ಮಲೆನಾಡಿನ ಗೆಳೆಯರು ನಗ್ತಾರೆ. "ಚಾಮರಾಜನಗರದಲ್ಲೂ ಮಳೆ ಬರುತ್ತೇನ್ರೀ?" ಅಂತ. ಬರುತ್ತೆ ಸ್ವಾಮಿ, ಬರುತ್ತೆ. ಆದರೆ ನಿಮ್ಮಲ್ಲಿಯ ಹಾಗೆ ಜೂನ್‌ನಲ್ಲಿ ಬಂದು ಮೂರು ತಿಂಗಳು ಕೂತುಬಿಡೋ ನೆಂಟ ಅಲ್ಲ. ನಮ್ಮದು ಘಟ್ಟದ ಮಳೆನೆರಳಿನ ಊರು. ಜೋರು ಮಳೆ ಏನಿದ್ದರೂ ಮುಂಗಾರಿಗೂ ಮೊದಲು ಏಪ್ರಿಲ್-ಮೇನಲ್ಲಿ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನಡುವೆ ಕೇರಳದ ಕಡೆಯಿಂದ ದಾರಿ ತಪ್ಪಿ ಬಂದ ಸೋನೆ ಒಂದಿಷ್ಟು. ಮೇ ತಿಂಗಳ ಒಂದು ದಿನ ಹೇಗಿರುತ್ತೆ ಅಂದ್ರೆ, ಮೂರು ಗಂಟೆವರೆಗೆ ನೆತ್ತಿ ಸುಡೋ ಬಿಸಿಲು, ನಾಲ್ಕಕ್ಕೆ ಕಪ್ಪು ಮೋಡ, ನಾಲ್ಕೂವರೆಗೆ ಧೋ ಅಂತ ಇಪ್ಪತ್ತು ನಿಮಿಷ, ಐದಕ್ಕೆ ಮತ್ತೆ ಬಿಸಿಲು, ರಸ್ತೆಯಿಂದ ಹಬೆ!

ನಾನು ಗುಂಡ್ಲುಪೇಟೆಯವನು, ಕೆಲಸ ಚಾಮರಾಜನಗರದಲ್ಲಿ. ತೆರಕಣಾಂಬಿ ಮೇಲೆ ಬೈಕಿನಲ್ಲಿ ದಿನಾ ಹೋಗಿಬರೋದು. ಹಾಗಾಗಿ ರೈನ್‌ಕೋಟಿನ ವಿಷಯದಲ್ಲಿ ನಮ್ಮ ಬೀದಿಯವರ ಪಾಲಿಗೆ ನಾನೊಬ್ಬ ಪಂಡಿತ :-)

ಹೋದ ತಿಂಗಳು ಪಕ್ಕದ ಮನೆ ಹುಡುಗ ಮೊಬೈಲು ಹಿಡಕೊಂಡು ಬಂದ. "ಅಣ್ಣ, ಇದ್ನ ತಕ್ಕಬುಡ್ಲಾ? ಒಳಗ ಬೆವ್ರದೇ ಇಲ್ವಂತ, ಬಟ್ಟನೇ ಉಸ್ರಾಡ್ತದಂತ ಕನಣ್ಣ" ಅಂದ. ನೋಡಿದರೆ ಒಂಬತ್ತು ಸಾವಿರ ಚಿಲ್ಲರೆ. ಹುಡುಗ ಒಂದು ಫೈನಾನ್ಸ್ ಕಂಪನಿಯಲ್ಲಿ ಕಂತು ವಸೂಲಿ ಕೆಲಸ ಮಾಡ್ತಾನೆ. ಬೇಗೂರು, ಹಂಗಳ, ಕಬ್ಬಹಳ್ಳಿ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಬೈಕ್ ಮೇಲೇ. ಸಂಬಳ ಹದಿನಾಲ್ಕು ಸಾವಿರ. ಅದರಲ್ಲಿ ಪೆಟ್ರೋಲು, ತಂಗಿಯ ಕಾಲೇಜು, ಅವ್ವನ ಬಿಪಿ ಮಾತ್ರೆ. ಕಂಪನಿ ಕೊಟ್ಟ ಟ್ಯಾಬ್ ನೆನೆದು ಕೆಟ್ಟರೆ ಅದರ ದುಡ್ಡೂ ಸಂಬಳದಲ್ಲೇ ಕಟ್ ಅಂತೆ. ಹಿಂದಿನ ವರ್ಷ ನಾನೂರು ರೂಪಾಯಿಯ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಊರೂರು ತಿರುಗಿ, ಬೆವರಿಗೆ ಬೆನ್ನು ತುಂಬಾ ಹುಳುಕಡ್ಡಿ ಎದ್ದು, ಮುಲಾಮಿಗೇ ಸಾವಿರಾರು ಖರ್ಚು ಮಾಡಿದ್ದ. "ಉಸಿರಾಡ್ತದೆ" ಅನ್ನೋ ಮಾತು ಅವನಿಗೆ ಯಾಕೆ ಅಷ್ಟು ಹಿಡಿಸಿತು ಅಂತ ಅರ್ಥವಾಯ್ತಲ್ಲ?

ಈ ಉಸಿರಾಟದ ಕಥೆ ಸ್ವಲ್ಪ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತ, ನಮ್ಮ ನಾನ್‌ಸ್ಟಿಕ್ ತವಾಕ್ಕೆ ಬಳಿದಿರುತ್ತಲ್ಲ, ಅದೇ ಟೆಫ್ಲಾನ್ ಜಾತಿಯ ವಸ್ತುವನ್ನ ಬಿಸಿ ಮಾಡಿ ಒಮ್ಮೆಲೇ ಜಗ್ಗಿದ. ಅದು ತುಂಡಾಗುವ ಬದಲು ಹಿಗ್ಗಿತು, ಮೈತುಂಬಾ ಸೂಕ್ಷ್ಮ ರಂಧ್ರಗಳು. ಅದರಿಂದ ಹುಟ್ಟಿದ್ದು ಗೋರ್‌ಟೆಕ್ಸ್. ಒಂದು ಚದರ ಇಂಚಿಗೆ ಸುಮಾರು 900 ಕೋಟಿ ರಂಧ್ರ ಅಂತ ಆ ಕಂಪನಿಯೇ ಹೇಳುತ್ತೆ. ನೀರಿನ ಹನಿ ಅದರಲ್ಲಿ ತೂರಲಾರದು, ಬೆವರಿನ ಆವಿ ತೂರುತ್ತೆ. ಈಗ ಬೇರೆ ಬೇರೆ ಹೆಸರಲ್ಲಿ, ಬೇರೆ ವಸ್ತುವಿನಲ್ಲಿ, ಎಲ್ಲ ಬೆಲೆಗೂ ಇಂಥ ಪದರ ಸಿಗುತ್ತೆ. (ಫ್ಲೋರಿನ್ ಇರುವ ಈ ರಾಸಾಯನಿಕಗಳು ಮಣ್ಣಲ್ಲಿ ನೀರಲ್ಲಿ ಕರಗದೆ ಉಳಿದುಬಿಡುತ್ತವೆ ಅಂತ ಗಲಾಟೆಯಾಗಿ, 2022ರಿಂದ ಗೋರ್ ಕಂಪನಿ ಅದಿಲ್ಲದ ಪದರವನ್ನೂ ಮಾರುತ್ತಿದೆ. ಅದು ಬೇರೆಯದೇ ಕಥೆ.)

ಆದರೆ ಆವಿ ಸುಮ್ಮನೆ ಹೊರಗೆ ಹೋಗಲ್ಲ. ಒಳಗೆ ಆವಿ ಹೆಚ್ಚಿದ್ದು ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗುತ್ತೆ. ಹೊರಗೆ ಚಳಿ ಇದ್ದಷ್ಟೂ ಒಳ್ಳೇದು, ಯಾಕಂದ್ರೆ ತಣ್ಣನೆ ಗಾಳಿ ನೂರಕ್ಕೆ ನೂರು ತೇವವಾಗಿದ್ದರೂ ಅದರಲ್ಲಿರೋ ಆವಿ ಕಡಿಮೆಯೇ. ಊಟಿಯಲ್ಲಿ 15 ಡಿಗ್ರಿಯ ಮಳೆ, ನಮ್ಮಲ್ಲಿ 28 ಡಿಗ್ರಿಯ ಮಳೆ ಅಂತಿಟ್ಟುಕೊಳ್ಳಿ. ಮೈಯಿಂದ ಆವಿಯನ್ನ ಹೊರಗೆ ತಳ್ಳೋ ಶಕ್ತಿ ಊಟಿಯಲ್ಲಿ ನಮ್ಮಲ್ಲಿಗಿಂತ ಎರಡು ಪಟ್ಟಿಗೂ ಹೆಚ್ಚು. ಅಂದ್ರೆ ಯುರೋಪಿನ ಚಳಿಮಳೆಗೆ ಹೊಂದೋ ಬಟ್ಟೆಯನ್ನ ನಾವು ತೆರಕಣಾಂಬಿಯ ಧಗೆಯಲ್ಲಿ ಹಾಕ್ಕೊಂಡು "ಯಾಕೆ ಬೆವರ್ತಾ ಇದೀನಿ" ಅಂತ ಕೇಳೋ ಹಾಗಾಯ್ತು. ಬಟ್ಟೆಯದು ಮೋಸ ಅಲ್ಲ, ನಮ್ಮ ಹವೆಯೇ ಹಾಗೆ. ಚೀಟಿಯಲ್ಲಿ "10,000 ಗ್ರಾಂ" ಅಂತ ಬರೆದಿರುತ್ತಾರಲ್ಲ, ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಅಷ್ಟು ಆವಿ ಹೋಗುತ್ತೆ ಅಂತ, ಅದು ಪ್ರಯೋಗಾಲಯದ ಲೆಕ್ಕ. ಹಂಗಳದ ಲೆಕ್ಕ ಅಲ್ಲ.

ಇದನ್ನೆಲ್ಲ ಯಾವ ವಿಜ್ಞಾನ ಓದಿದ್ದರೋ ನಮ್ಮ ರೈತರು, ಗೊಬ್ಬರದ ಚೀಲದ ಒಂದು ಮೂಲೆಯನ್ನ ಇನ್ನೊಂದರೊಳಕ್ಕೆ ಮಡಿಚಿ ಕೊಪ್ಪೆ ಹಾಕ್ಕೊಂಡು ಇಡೀ ದಿನ ಕೆಲಸ ಮಾಡ್ತಾರೆ. ಅದಕ್ಕೂ ಮೊದಲು ಕಂಬಳಿ ಕೊಪ್ಪೆ. ಬೆನ್ನಿಗೆ ತಲೆಗೆ ನೀರಿಲ್ಲ, ಮುಂದುಗಡೆ ಪೂರ್ತಿ ತೆರೆದು, ಗಾಳಿ ಆಡ್ತಾನೇ ಇರುತ್ತೆ. ಉಸಿರಾಡೋ ಬಟ್ಟೆಗಿಂತ ತೆರೆದ ಬಾಗಿಲು ಮೇಲು! ಆದರೆ ಬೈಕಿನ ಮೇಲೆ ಕೊಪ್ಪೆ ಆಗಲ್ಲ. ದಯವಿಟ್ಟು ಆ ಪೊಂಚೋ ಥರದ್ದನ್ನೂ ಹಾಕ್ಕೋಬೇಡಿ. ಗಾಳಿಗೆ ಪಟಪಟ ಹಾರಿ ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ಮುಗೀತು.

ನೀರು ತಡೆಯೋ ವಿಷಯ ಇಷ್ಟು ಗೋಜಲಲ್ಲ. ಚೀಟಿಯಲ್ಲಿ "10,000 ಮಿ.ಮೀ." ಅಂದ್ರೆ ಆ ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರ ನೀರು ನಿಲ್ಲಿಸಿದರೂ ಸೋರಲ್ಲ ಅಂತ. ಅಷ್ಟಿದ್ದರೆ ಸಾಕಾ? ಮೈಗೆ ಸಾಕು. ಆದರೆ ನೀರು ಬಟ್ಟೆಯಿಂದ ಬರೋದೇ ಅಪರೂಪ ಕಣ್ರೀ, ಬರೋದು ಹೊಲಿಗೆಯಿಂದ, ಜಿಪ್ಪಿನಿಂದ, ಕತ್ತಿನಿಂದ. ಸೀಟಿನ ಮೇಲೆ ತೊಡೆ ಸಂದಿಯಲ್ಲಿ ಒಂದು ಸಣ್ಣ ಕೆರೆ ನಿಲ್ಲುತ್ತಲ್ಲ, ಅದರ ಮೇಲೆ ನಮ್ಮ ಭಾರ ಕೂತಿರುತ್ತೆ, ಅಲ್ಲಿಯೇ ನಾಲ್ಕು ಹೊಲಿಗೆ ಬಂದು ಸೇರೋದೂ! ಅಂಗಡಿಯಲ್ಲಿ ಮೊದಲು ಪ್ಯಾಂಟನ್ನ ಒಳಮಗ್ಗುಲು ತಿರುಗಿಸಿ ನೋಡಿ. ಎಲ್ಲ ಹೊಲಿಗೆಯ ಮೇಲೂ ಟೇಪು ಅಂಟಿಸಿರಬೇಕು. ಇಲ್ಲದಿದ್ದರೆ ವಾಪಸ್ ಕೊಟ್ಟು ಬನ್ನಿ, ಎಷ್ಟು ಸಾವಿರ ಮಿ.ಮೀ. ಬರೆದಿದ್ದರೂ ಸರಿ.

ಮೈಸೂರಿನ ಒಂದು ಅಂಗಡಿಯಲ್ಲಿ ಮಾಲೀಕರು ಬಟ್ಟೆಗೆ ಬಾಯಿಟ್ಟು ಊದಿ, "ನೋಡಿ ಸಾರ್, ಗಾಳಿ ಆ ಕಡೆ ಬಂತು, ಇದೇ ಬ್ರೀದಬಲ್" ಅಂದರು. ಬಾಯಲ್ಲಿ ಊದಿದ ಗಾಳಿ ಸಲೀಸಾಗಿ ದಾಟಿದರೆ ಮಳೆಯೂ ದಾಟುತ್ತೆ! ಪರೀಕ್ಷೆ ಮಾಡಲೇಬೇಕು ಅಂದ್ರೆ ಮನೆಯಲ್ಲಿ ಒಂದು ಲೋಟ ಬಿಸಿನೀರಿನ ಬಾಯಿಗೆ ಬಟ್ಟೆಯನ್ನ ಬಿಗಿಯಾಗಿ ಕಟ್ಟಿ, ಮೇಲೆ ತಣ್ಣನೆಯ ಗಾಜಿನ ಲೋಟ ಬೋರಲು ಹಾಕಿ. ಗಾಜು ಮಂಜಾದರೆ ಆವಿ ದಾಟುತ್ತಿದೆ ಅಂತ.

ಈಗ ನಮ್ಮ ರಸ್ತೆಗಳ ವಿಷಯ. ಗುಂಡ್ಲುಪೇಟೆಯಿಂದ ಎರಡು ಹೆದ್ದಾರಿ ಬಂಡೀಪುರದ ಕಾಡಿಗೆ ಹೋಗ್ತವೆ, ಮದ್ದೂರು ಚೆಕ್‌ಪೋಸ್ಟ್ ದಾಟಿ ಸುಲ್ತಾನ್ ಬತ್ತೇರಿಗೆ 766, ಹಂಗಳದ ಮೇಲೆ ಗೂಡಲೂರು-ಊಟಿಗೆ 181. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ. ಹಗಲಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸೋ ಹಾಗಿಲ್ಲ, ಇಳಿಯೋ ಹಾಗಿಲ್ಲ. ಬೆಂಗಳೂರಿಂದ ಬರೋ ಬೈಕಿನವರು ಹಾಕಿರೋ ದುಬಾರಿ ಜಾಕೆಟ್ಟುಗಳಲ್ಲಿ ಎಷ್ಟೋ ಕಡೆ ಮಳೆಪದರ ಒಳಗಡೆ ಲೈನರಾಗಿ ಇರುತ್ತೆ. ಅದನ್ನ ಹಾಕಬೇಕಾದರೆ ಜಾಕೆಟ್ ಬಿಚ್ಚಬೇಕು. ಆನೆ ನೋಡ್ತಾ ನಿಂತಿರೋ ಜಾಗದಲ್ಲಿ ಬಟ್ಟೆ ಬದಲಾಯಿಸೋಕಾಗುತ್ತಾ? ಮೇಲಾಗಿ ಲೈನರು ಒಳಗಿದ್ದರೆ ಹೊರಗಿನ ಜಾಕೆಟ್ಟು ನೀರು ಕುಡಿದು ಭಾರವಾಗುತ್ತೆ, ಗಾಳಿಗೆ ಮೈ ಕೊರೆಯುತ್ತೆ. ಕೈ ಮರಗಟ್ಟಿದರೆ ಬ್ರೇಕ್ ಹಿಡಿಯೋಕೆ ತಡ. ಅದಕ್ಕೇ ಎಲ್ಲದರ ಮೇಲೆ ಹಾಕೋ ಕೋಟೇ ವಾಸಿ ಅಂತ ನನ್ನ ಮತ. ಮೋಡ ಕಂಡರೆ ಚೆಕ್‌ಪೋಸ್ಟ್ ಮುಂಚೆಯೇ ನಿಲ್ಲಿಸಿ ಹಾಕ್ಕೊಂಡುಬಿಡಬೇಕು. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ. ಸಂಜೆ ಮಳೆಯಲ್ಲಿ ಕಪ್ಪು ಕೋಟಿನವನು ಲಾರಿಯವನ ಕಣ್ಣಿಗೆ ಕಾಣೋದೇ ಇಲ್ಲ.

ನನ್ನ ಥರ ಇಪ್ಪತ್ತು ನಿಮಿಷದ ಮಳೆಗೆ ಸಿಗೋ ಜನಕ್ಕೆ ಉಸಿರಾಟವೆಲ್ಲ ಬೇಡವೇ ಬೇಡ. ಟೇಪು ಹಾಕಿದ ಸಾದಾ ಕೋಟು, ಮಳೆ ನಿಂತ ತಕ್ಷಣ ಬಿಚ್ಚಿ ಡಿಕ್ಕಿಗೆ ತುರುಕಿದರಾಯ್ತು. ಆದರೆ ಹುಡುಗನಿಗೆ ಈ ಮಾತು ಹೇಳೋಕಾಗಲಿಲ್ಲ. ಅವನು ದಿನಕ್ಕೆ ಮೂವತ್ತು ಮನೆ ಹತ್ತಿಳೀತಾನೆ, ಸೋನೆಯಲ್ಲಿ ಪ್ರತಿ ಮನೆ ಮುಂದೆ ಬಿಚ್ಚಿ ಹಾಕ್ತಾ ಕೂತರೆ ವಸೂಲಿ ಯಾವಾಗ? ಬೈಕ್ ಓಡೋವಾಗ ಬೆವರು ಅಷ್ಟಾಗಿ ಬರಲ್ಲ, ಬರೋದು ಇಳಿದು ನಡೆಯೋವಾಗ. ಜುಲೈ ಸೋನೆಯಲ್ಲಿ ಹವೆ ತಂಪಾಗೂ ಇರುತ್ತೆ. ಉಸಿರಾಡೋ ಬಟ್ಟೆ ನಮ್ಮೂರಲ್ಲಿ ಯಾರಿಗಾದರೂ ದುಡ್ಡಿಗೆ ತಕ್ಕ ಕೆಲಸ ಮಾಡೋದಾದರೆ ಇಂಥವರಿಗೇ. ಆದರೆ ಇಂಥ ಕೆಲಸ ಕೊಡಿಸೋ ಕಂಪನಿಗಳು ಟ್ಯಾಬ್ ಕೊಡ್ತವೆ, ಟ್ಯಾಬಿಗೆ ಕವರ್ ಕೊಡ್ತವೆ, ಹುಡುಗನಿಗೆ ಒಂದು ಕೋಟು ಕೊಡಲ್ಲ.

ಕೊನೆಗೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬೆವರು ಹುಳುಕಡ್ಡಿ ಎಲ್ಲ ಬೆನ್ನಿಗೆ, ಹಾಗಾಗಿ ಮೇಲಿನ ಕೋಟು ಮಾತ್ರ ಉಸಿರಾಡೋದು, ಕಂಕುಳಲ್ಲಿ ಗಾಳಿಗೆ ಜಿಪ್ಪು ಇರೋದು. ಪ್ಯಾಂಟು ಸಾದಾ, ಟೇಪು ಗಟ್ಟಿ ಇದ್ದರಾಯ್ತು, ಹೇಗೂ ಕೆಸರಿಗೆ ಸೀಟಿಗೆ ಸವೆಯೋದೇ. ಕಾಲಿಗೆ ಶೂ ಕವರು. ಎಲ್ಲ ಸೇರಿ ಐದು ಸಾವಿರದೊಳಗೆ ಮುಗೀತು, ಮೂರು ಕಂತಿನಲ್ಲಿ. (ಕಂತು ವಸೂಲಿ ಮಾಡೋನಿಗೇ ಕಂತು ಅಂತ ಅವನೇ ನಕ್ಕ.)

ಎರಡು ವಾರ ಚೆನ್ನಾಗಿತ್ತಂತೆ. ಮೂರನೇ ವಾರ, "ಅಣ್ಣ, ಕೋಟು ನೀರ್ ಕುಡೀತಾ ಅದ" ಅಂತ ಬಂದ. ಹೊರಬಟ್ಟೆಯ ಮೇಲೆ ಹನಿ ಉರುಳ್ತಾ ಇರಲಿಲ್ಲ, ಇಂಗ್ತಾ ಇತ್ತು. ಹೊರಬಟ್ಟೆ ಹೀಗೆ ನೆನೆದುಕೊಂಡರೆ ಒಳಗಿನ ಪದರ ಸರಿ ಇದ್ದರೂ ಆವಿ ಹೊರಗೆ ಹೋಗಲ್ಲ. ವಿಚಾರಿಸಿದರೆ, ಅವರವ್ವ ಮಗನ ಹೊಸ ಕೋಟು ಅಂತ ಪ್ರೀತಿಯಿಂದ ಬಟ್ಟೆ ಮೆತ್ತಗೆ ಮಾಡೋ ವಾಸನೆ ನೀರಲ್ಲಿ ಅದ್ದಿ ಒಗೆದಿದ್ದಾರೆ! ಹನಿ ಉರುಳಿಸೋ ಲೇಪಕ್ಕೆ ಅದೇ ದೊಡ್ಡ ಶತ್ರು. ಬರೀ ನೀರಲ್ಲಿ ನಾಲ್ಕು ಸಲ ಜಾಲಿಸಿ, ಪೂರ್ತಿ ಒಣಗಿಸಿ, ಒಳಗಿನ ಚೀಟಿಯಲ್ಲಿ ಇಸ್ತ್ರಿ ಗುರುತಿಗೆ ಅಡ್ಡಗೀಟು ಇಲ್ಲ ಅಂತ ನೋಡಿಕೊಂಡು, ಮೇಲೊಂದು ತೆಳ್ಳನೆ ಪಂಚೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಆಡಿಸಿದೆವು. ಬಿಸಿಗೆ ಲೇಪ ಮತ್ತೆ ಎಚ್ಚರವಾಗುತ್ತೆ. ಆಮೇಲೆ ಒಂದು ಚೊಂಬು ನೀರು ಸುರಿದು ನೋಡಿದರೆ ಕೆಸುವಿನ ಎಲೆ ಮೇಲಿನ ಹಾಗೆ ಉರುಳಿತು. ಬಲದ ತೋಳಲ್ಲಿ ಮಾತ್ರ ಸ್ವಲ್ಪ ಇಂಗ್ತಾ ಇದೆ. ಅದಕ್ಕೆ ಹಾಕೋ ಸ್ಪ್ರೇ ಸಿಗುತ್ತೆ, ಮುಂದಿನ ಸಲ ಮೈಸೂರಿಗೆ ಹೋದಾಗ ತರಬೇಕು.