ದೊಡ್ಡ ಅಕ್ಷರ, ಚಿಕ್ಕ ಅಕ್ಷರ

ಕನ್ನಡದ ಅಕ್ಷರಮಾಲೆಯಲ್ಲಿ ಹ್ರಸ್ವವಿದೆ, ದೀರ್ಘವಿದೆ, ಅಲ್ಪಪ್ರಾಣವಿದೆ, ಮಹಾಪ್ರಾಣವಿದೆ. ಆದರೆ ಸಾಲಿನ ತಲೆಯಲ್ಲಿ ಕುಳಿತ ಮಾತ್ರಕ್ಕೆ ಮೈ ಉಬ್ಬಿಸಿಕೊಳ್ಳುವ ಅಕ್ಷರ ಒಂದೂ ಇಲ್ಲ. ರಾಜನ ಹೆಸರಿನ ರಕಾರವೂ ರಾಗಿಯ ರಕಾರವೂ ಒಂದೇ ಗಾತ್ರ. ಇಂಗ್ಲಿಷಿನಲ್ಲಿ ಹಾಗಲ್ಲ, ಅಲ್ಲಿ ಒಂದೊಂದು ಅಕ್ಷರಕ್ಕೂ ಮನೆಯ ಉಡುಪು ಬೇರೆ, ಸಭೆಯ ಉಡುಪು ಬೇರೆ. ಅದು ಅವರ ಸಂಪ್ರದಾಯ, ಇರಲಿ. ಆದರೆ ಆ ಉಡುಪಿನ ಭೇದದಿಂದ ನಮ್ಮ ಜಿಲ್ಲೆಯ ಮಕ್ಕಳ ಅರ್ಜಿಗಳು ದಾರಿ ತಪ್ಪಿದವೆಂದರೆ ವಾಚಕರು ನಂಬಲಿಕ್ಕಿಲ್ಲ.

ಚಿತ್ರದುರ್ಗದಲ್ಲಿ ಕುಳಿತು ವೆಬ್‌ಸೈಟುಗಳ ರಿಪೇರಿ ಮಾಡುವುದು ನನ್ನ ಕಸುಬು. ಇಲ್ಲಿಯ ಒಂದು ವಿದ್ಯಾರ್ಥಿನಿಲಯಕ್ಕೆ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಯ ಕಡೆಯಿಂದ ಹುಡುಗಿಯರು ಪ್ರತಿವರ್ಷ ಅರ್ಜಿ ಹಾಕುತ್ತಾರೆ. ಕೆಲವು ವರ್ಷಗಳಿಂದ ಅರ್ಜಿ ಹಾಕುವುದು ವೆಬ್‌ಸೈಟಿನಲ್ಲಿಯೇ. ಕೊನೆಯ ದಿನಕ್ಕೆ ಮೂರು ದಿನ ಉಳಿದಿರುವಾಗ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಅವರು ನಿವೃತ್ತ ಹೆಡ್‌ಮಾಸ್ತರು. “ಈ ಸಲ ಅರ್ಜಿಗಳೇ ಬಂದಿಲ್ಲವಲ್ಲಯ್ಯ. ಮುಖಪುಟವೇನೋ ಚೆನ್ನಾಗಿ ಕಾಣುತ್ತದೆ” ಎಂದರು.

ಅವರ ಎದುರಿಗೆ ಹೊಸದುರ್ಗದ ಕಡೆಯ ರೈತರೊಬ್ಬರು ಮಗಳೊಡನೆ ಕುಳಿತಿದ್ದರು. ಪಟ್ಟಿಯಲ್ಲಿ ಮಗಳ ಹೆಸರು ಯಾವಾಗ ಬರುತ್ತದೆಂದು ಕೇಳಲು ಹೊಳಲ್ಕೆರೆಯ ಮೇಲೆ ಬಸ್ಸಿನಲ್ಲಿ ಬಂದಿದ್ದರು. “ಅರ್ಜಿ ಹೋದ ವಾರನೇ ಹಾಕೀವಿ ಸ್ವಾಮಿ. ನಂಬರೂ ಬಂದೈತೆ” ಎಂದು ಅಂಗಿಯ ಜೇಬಿನಿಂದ ಚೀಟಿ ತೆಗೆದು ಕೊಟ್ಟರು. ಚೀಟಿಯಲ್ಲಿ ದುಂಡಾಗಿ ಬರೆದಿತ್ತು: 404.

ಹುಡುಕಿದ ಪುಟ ಇಲ್ಲ ಎಂದು ತಿಳಿಸಲು ಯಂತ್ರ ಹೇಳುವ ಸಂಖ್ಯೆ ಅದು. ಅವರ ಪಾಲಿಗೆ ಅದೇ ರಸೀತಿಯಾಗಿತ್ತು. ನನಗೆ ನಗು ಬರಲಿಲ್ಲ. ಈ ಸಂಖ್ಯೆಯನ್ನು ಬರೆದುಕೊಂಡು ನಿಶ್ಚಿಂತೆಯಿಂದ ಮನೆಯಲ್ಲಿರುವವರು ಇನ್ನೆಷ್ಟು ಮಂದಿಯೋ!

ಈ ಬಗೆಯ ವೆಬ್‌ಸೈಟಿನ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ಯಾರು ಯಾವ ಪುಟ ಕೇಳಿದರೂ ಆ ಕೋರಿಕೆ ಮೊದಲು ಒಂದೇ ಫೈಲಿಗೆ ಬರುತ್ತದೆ. ಕೋಟೆಗೆ ಒಂದೇ ಹೆಬ್ಬಾಗಿಲು ಇಟ್ಟ ಹಾಗೆ. ಅಲ್ಲಿಯ ಕಾವಲುಗಾರ ವಿಳಾಸದ ಮೊದಲ ಪದವನ್ನು ಓದಿ, ಆ ಹೆಸರಿನ ಕಂಟ್ರೋಲರ್ ಇರುವ ಫೈಲನ್ನು ಆಗಿಂದಾಗ ಹುಡುಕಿ ತೆರೆಯುತ್ತಾನೆ. ಎರಡನೆಯ ಪದ ಆ ಕಂಟ್ರೋಲರ್ ಮಾಡಬೇಕಾದ ಕೆಲಸ. ಎಲ್ಲ ಕೋಣೆಗಳಲ್ಲಿಯೂ ಮೊದಲೇ ದೀಪ ಹಚ್ಚಿಡುವ ದುಂದಿಲ್ಲ. ಒಳ್ಳೆಯ ಏರ್ಪಾಡೇ; ಆದರೆ ಎಲ್ಲವೂ ಒಂದು ಹೆಸರಿನ ಮೇಲೆ ನಿಂತಿದೆ. ಬ್ರಿಟಿಷರ ಕಾಲದ ಕಾಗದಪತ್ರಗಳಲ್ಲಿ ನಮ್ಮ ಊರು ‘ಚಿತಲ್‌ಡ್ರೂಗ್’. ಹಾಗೆ ಬರೆದ ಕಾಗದವೂ ಇಲ್ಲಿಗೇ ಬರುತ್ತಿತ್ತು, ಏಕೆಂದರೆ ಅಂಚೆಯವನು ಮನುಷ್ಯ.

ಪುಟ ಇಲ್ಲವೆಂದು ಹೇಳಿದವರು ಯಾರು ಎಂಬುದನ್ನು ಮೊದಲು ನೋಡಬೇಕು. ಹೆಬ್ಬಾಗಿಲಿನ ಹೊರಗೇ ಸರ್ವರ್ ತಡೆದಿದ್ದರೆ ಕಾಣುವ ಪುಟ ಒಂದು ಬಗೆ. ಒಳಗೆ ಬಂದ ಮೇಲೆ ಫ್ರೇಮ್‌ವರ್ಕ್ ಕೈಯಾಡಿಸಿದರೆ ಇನ್ನೊಂದು ಬಗೆ. ಇದು ಎರಡನೆಯದು. ವಿಳಾಸದ ನಡುವೆ ಹೆಬ್ಬಾಗಿಲಿನ ಫೈಲಿನ ಹೆಸರನ್ನೇ ಬರೆದು ಕೇಳಿದೆ. ಆಗಲೂ ಅದೇ ಉತ್ತರ. ಅಲ್ಲಿಗೆ ಹೊರಗಿನ ದಾರಿ ಸರಿಯಾಗಿದೆಯೆಂದಾಯಿತು. ಇನ್ನು ಊಹೆ ಬೇಡವೆಂದು, ಹುಡುಕುತ್ತಿರುವ ಫೈಲಿನ ಹೆಸರನ್ನು ಕಾವಲುಗಾರನ ಬಾಯಿಂದಲೇ ಹೇಳಿಸುವ ಒಂದು ಸಾಲನ್ನು ಸೇರಿಸಿದೆ. ಅವನು ಹೇಳಿದ ಹೆಸರು ‘ಅರ್ಜಿ’, ಇಂಗ್ಲಿಷಿನ ದೊಡ್ಡ ಎ ಇಂದ ಮೊದಲಾಗಿ. ಸರ್ವರಿನಲ್ಲಿದ್ದ ಫೈಲೂ ‘ಅರ್ಜಿ’ಯೇ, ಚಿಕ್ಕ ಎ ಇಂದ ಮೊದಲಾಗಿ.

ವೆಬ್‌ಸೈಟನ್ನು ಮೊದಲು ಬರೆದದ್ದು ಕೋಡ್‌ಇಗ್ನೈಟರ್ ಎಂಬ ಫ್ರೇಮ್‌ವರ್ಕಿನ ಎರಡನೆಯ ಆವೃತ್ತಿಯಲ್ಲಿ. ಅಲ್ಲಿ ಕಂಟ್ರೋಲರುಗಳ ಫೈಲಿಗೆ ಚಿಕ್ಕ ಅಕ್ಷರದ ಹೆಸರಿಡುವುದು ವಾಡಿಕೆ. 2015ರಲ್ಲಿ ಬಂದ ಮೂರನೆಯ ಆವೃತ್ತಿ ಮೊದಲ ಅಕ್ಷರ ದೊಡ್ಡದಾಗಿರಲೇಬೇಕೆಂದು ಕಟ್ಟು ಮಾಡಿತು. ಹಿಂದೆ ಇದನ್ನು ನೋಡಿಕೊಳ್ಳುತ್ತಿದ್ದವರು ಫ್ರೇಮ್‌ವರ್ಕನ್ನು ಹೊಸದು ಮಾಡಿ, ಫೈಲಿನ ಹೆಸರುಗಳನ್ನು ಹಾಗೆಯೇ ಬಿಟ್ಟಿದ್ದರು. ಅವರ ವಿಂಡೋಸ್ ಯಂತ್ರದಲ್ಲಿ ಎಲ್ಲವೂ ನಡೆಯಿತು, ಏಕೆಂದರೆ ಫೈಲಿನ ಹೆಸರಿನಲ್ಲಿ ವಿಂಡೋಸ್ ಅಕ್ಷರದ ಗಾತ್ರ ನೋಡುವುದಿಲ್ಲ. ಪಿಎಚ್‌ಪಿ ಭಾಷೆಯೂ ಕ್ಲಾಸಿನ ಹೆಸರಿನಲ್ಲಿ ಅದನ್ನು ನೋಡುವುದಿಲ್ಲ. ನೋಡುವುದು ಲಿನಕ್ಸ್, ಈ ಬೇಸಿಗೆಯಲ್ಲಿ ವೆಬ್‌ಸೈಟನ್ನು ಸಾಗಿಸಿದ್ದು ಲಿನಕ್ಸ್ ಸರ್ವರಿಗೆ. ಮುಖಪುಟದ ಫೈಲನ್ನು ಈಚೆಗೆ ಹೊಸದಾಗಿ ಬರೆದಿದ್ದರಿಂದ ಅದರ ಹೆಸರು ದೊಡ್ಡ ಅಕ್ಷರದಲ್ಲಿತ್ತು, ಅದೊಂದು ಕಾಣುತ್ತಿತ್ತು. ನೋಡಿದವರು ಅಂಗಡಿ ತೆರೆದಿದೆಯೆಂದೇ ತಿಳಿದರು.

ಹೆಸರು ತಿದ್ದುವುದೂ ಸುಲಭವಲ್ಲ. ಬದಲಾವಣೆಗಳ ಲೆಕ್ಕ ಬರೆಯಲು ಗಿಟ್ ಎಂಬ ಶಾನುಭೋಗನಿದ್ದಾನೆ. ವಿಂಡೋಸಿನಲ್ಲಿ ಫೈಲಿನ ಒಂದು ಅಕ್ಷರವನ್ನು ಚಿಕ್ಕದರಿಂದ ದೊಡ್ಡದು ಮಾಡಿದರೆ, ಏನೂ ಬದಲಾಗಿಲ್ಲವೆಂದು ಬರೆದುಕೊಂಡು ಸುಮ್ಮನಿರುತ್ತಾನೆ. ಹೆಸರು ಬದಲಾಯಿಸು ಎಂದು ಅವನಿಗೇ ಅಪ್ಪಣೆ ಕೊಡಬೇಕು. ಆಗ ಬದಲಾದ ಹೆಸರು ಸರ್ವರಿಗೆ ಹೋಗುತ್ತದೆ.

ನಾನು ಹೀಗೆ ಒಂದೊಂದೇ ಹೆಸರನ್ನು ತಿದ್ದುತ್ತಿರುವಾಗ ಕಚೇರಿಯ ಚುರುಕಾದ ಹುಡುಗನೊಬ್ಬ, “ಸಾರ್, ಇಷ್ಟೆಲ್ಲ ಯಾಕೆ? ವಿಳಾಸದಲ್ಲಿ ಏನು ಹೆಸರು ಬಂದರೂ ದೊಡ್ಡದೋ ಚಿಕ್ಕದೋ, ಸಿಕ್ಕಿದ ಫೈಲನ್ನು ತೆರೆದುಬಿಡು ಅಂತ ಬರೆದರೆ ಆಯಿತಲ್ಲ?” ಎಂದ. ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು. “ಅಲ್ಲಿ ಓಬವ್ವನ ಕಿಂಡಿ ನೋಡಿದ್ದೀಯೇನಪ್ಪ?” ಎಂದು ಕೇಳಿದೆ. ದುರ್ಗದಲ್ಲಿ ಹುಟ್ಟಿದವನು, ನೋಡದೆ ಏನು? ಹೈದರಾಲಿ ಕೊನೆಗೂ 1779ರಲ್ಲಿ ಗೆದ್ದ ಆ ಏಳು ಸುತ್ತಿನ ಕೋಟೆಗೆ, ಅಗಸೆಗಳನ್ನೆಲ್ಲ ಬಿಟ್ಟು ಒಬ್ಬರು ನುಸುಳುವಷ್ಟು ಸಂದಿನಲ್ಲಿ ಅವನ ಸೈನಿಕರು ಒಳಹೊಕ್ಕರೆಂದು ಕಥೆ. ವಿಳಾಸದಲ್ಲಿ ಬರೆಯುವವರು ನಮ್ಮ ಹುಡುಗಿಯರು ಮಾತ್ರವಲ್ಲ. ಲೋಕದಲ್ಲಿ ಯಾರು ಬೇಕಾದರೂ ಬರೆಯಬಹುದು. ಥಿಂಕ್‌ಪಿಎಚ್‌ಪಿ ಎಂಬ ಚೀನೀ ಫ್ರೇಮ್‌ವರ್ಕ್ ವಿಳಾಸದಲ್ಲಿ ಬಂದ ಕಂಟ್ರೋಲರಿನ ಹೆಸರನ್ನು ಸರಿಯಾಗಿ ಪರೀಕ್ಷಿಸುತ್ತಿರಲಿಲ್ಲವೆಂದು 2018ರ ಡಿಸೆಂಬರಿನಲ್ಲಿ ಬಯಲಾಯಿತು. ಆ ಒಂದು ಸಂದಿನಿಂದ ಪರರು ತಮ್ಮ ಆಜ್ಞೆಗಳನ್ನು ಸರ್ವರಿನ ಮೇಲೆ ನಡೆಸಬಹುದಾಗಿತ್ತು. ಅಲ್ಲಿ ಒನಕೆ ಹಿಡಿದು ನಿಂತವರು ಯಾರೂ ಇರಲಿಲ್ಲ. ನಮ್ಮಲ್ಲಿ ಹುಡುಗಿಯರ ವಿಳಾಸ, ಫೋನ್ ನಂಬರು, ತಂದೆಯ ವರಮಾನ ಎಲ್ಲ ಇದೆ. ತೆರೆಯಬಹುದಾದ ಹೆಸರುಗಳ ಪಟ್ಟಿಯೊಂದನ್ನು ಬರೆದು, ಅದರಲ್ಲಿಲ್ಲದ ಹೆಸರಿಗೆ ಬಾಗಿಲು ಇಲ್ಲವೆಂದು ಕಟ್ಟು ಮಾಡಿದೆ. ಹುಡುಗ ಒಪ್ಪಿದ.

ಕ್ಲಾಸಿಗೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟರೂ ಪಿಎಚ್‌ಪಿ ಬೇಡವೆನ್ನುವುದಿಲ್ಲ. ‘ಅರ್ಜಿ’ ಎಂದು ಅಚ್ಚಕನ್ನಡದಲ್ಲಿ ಬರೆದರೆ ದೊಡ್ಡ ಚಿಕ್ಕದರ ರೋಗವೇ ಇಲ್ಲ! ಆದರೆ ವಿಳಾಸದ ಸಾಲಿನಲ್ಲಿ ಆ ಹೆಸರು ಶೇಕಡಾ ಚಿಹ್ನೆಗಳ ಮೆರವಣಿಗೆಯಾಗಿ ಬಂದು ಬೇರೆ ಪೀಡೆ ತರುತ್ತದೆ; ಆಸೆಯನ್ನು ಬಿಟ್ಟೆ.

ಸಂಜೆಯ ಹೊತ್ತಿಗೆ ಅರ್ಜಿಯ ಪುಟ ತೆರೆಯಿತು. ಸರ್ವರಿನ ದಾಖಲೆ ತೆಗೆದು ನೋಡಿದರೆ, ಬಂದು ಹಿಂದಿರುಗಿದ ಕೋರಿಕೆಗಳ ದಿನ, ವೇಳೆ ಎಲ್ಲವೂ ಇದ್ದವು, ಹೆಸರುಗಳಿರಲಿಲ್ಲ. ಯಾರನ್ನೆಂದು ಕರೆಯುವುದು? ಕಾರ್ಯದರ್ಶಿಗಳು ಹೆಚ್ಚು ಮಾತಾಡಲಿಲ್ಲ. ಕೊನೆಯ ದಿನವನ್ನು ಹದಿನೈದು ದಿನ ಮುಂದಕ್ಕೆ ಹಾಕಿ, ಹೈಸ್ಕೂಲುಗಳ ಹೆಡ್‌ಮಾಸ್ತರುಗಳಿಗೆ ತಾವೇ ಫೋನು ಮಾಡಲು ಕುಳಿತರು. “404 ಅಂತ ಬರೆದುಕೊಂಡವರು ಇದ್ದರೆ ಮತ್ತೆ ಹಾಕಲಿ ಅಂತ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿಬಿಡಿ” ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು.

ಹೊಸದುರ್ಗದ ಹುಡುಗಿ ಅಲ್ಲಿಯೇ ಕುಳಿತು ಅರ್ಜಿ ತುಂಬಿದಳು. ನಂಬರು 7 ಎಂದು ಬಂದಿತು. ಆಕೆಯ ತಂದೆ ಚೀಟಿಯಲ್ಲಿದ್ದ 404ನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೇ 7 ಎಂದು ಬರೆದುಕೊಂಡು, “ಎರಡೂ ಇರ್ಲಿ ಸ್ವಾಮಿ” ಎನ್ನುತ್ತ ಜೇಬಿಗೆ ಹಾಕಿಕೊಂಡರು.