ಒಂದೇ ಪೆಟ್ಟಿಗೆ, ಎರಡು ಮಿದುಳು

ಅಕ್ಕನ ಮಗ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ಮನೆಗೆ ಬಂದಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ವಿಜ್ಞಾನ ತೆಗೆದುಕೊಂಡ ಹುಡುಗ. ಭೌತಶಾಸ್ತ್ರದಲ್ಲಿ 50ಕ್ಕೆ 11.

‘ಪಾಠ ಗೊತ್ತು ಮಾಮ, ಪ್ರಶ್ನೆಯೇ ಅರ್ಥವಾಗಲಿಲ್ಲ. ಆರ್ಟ್ಸ್‌ಗೆ ಹೋಗಿಬಿಡ್ತೀನಿ’ ಎಂದ. ಕಲಾ ವಿಭಾಗವೇನೂ ಕೀಳಲ್ಲ. ಆದರೆ ಇಷ್ಟಪಟ್ಟು ಹೋಗುವುದು ಬೇರೆ, ಹೆದರಿ ಓಡುವುದು ಬೇರೆ. ಅಕ್ಕ ಮಾತಾಡದೆ ಕೂತಿದ್ದಳು.

ಅವನಿಗೆ ಕಂಪ್ಯೂಟರಿನ ಹುಚ್ಚು. ಹಾಗಾಗಿ ಒಂದು ಹಳೆಯ ಕಥೆ ಹೇಳಿದೆ.

1977ರಲ್ಲಿ ಬಂದ ಆಪಲ್-2 ಗಣಕದ ಮಿದುಳು 6502 ಎಂಬ ಚಿಪ್. ಆದರೆ ವರ್ಡ್‌ಸ್ಟಾರ್‌ನಂಥ ಕಚೇರಿ ತಂತ್ರಾಂಶಗಳು ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ಎಂಬ ಕಾರ್ಯಾಚರಣೆ ವ್ಯವಸ್ಥೆಗಾಗಿ ಬರೆದವು. ಅವುಗಳದು ಇಂಟೆಲ್‌ನ 8080 ಚಿಪ್ಪಿನ ಭಾಷೆ. 6502ಕ್ಕೆ ಅದು ಬಾರದು. ಮೈಕ್ರೋಸಾಫ್ಟ್‌ನ ತಂತ್ರಾಂಶಗಳಲ್ಲೂ ಬಹುಪಾಲು ಅದೇ ಭಾಷೆಯಲ್ಲಿದ್ದವು. ಒಂದೊಂದನ್ನೇ ಹೊಸದಾಗಿ ಬರೆಯುವುದು ಸಣ್ಣ ಕೆಲಸವಲ್ಲ. ಆಗ ಆ ಸಂಸ್ಥೆಯ ಪಾಲ್ ಆ್ಯಲನ್‌ಗೆ ಉಪಾಯವೊಂದು ಹೊಳೆಯಿತು: ತಂತ್ರಾಂಶ ಬದಲಿಸುವುದೇಕೆ, ಯಂತ್ರಕ್ಕೇ ಇನ್ನೊಂದು ಮಿದುಳು ಕೊಟ್ಟರಾಯಿತು!

1980ರಲ್ಲಿ ಸಾಫ್ಟ್‌ಕಾರ್ಡ್ ಬಂತು. ಬೆಲೆ 349 ಡಾಲರ್. 8080ರ ಆದೇಶಗಳನ್ನು ಬಲ್ಲ ಝಡ್-80 ಎಂಬ ಚಿಪ್ ಅದರಲ್ಲಿತ್ತು. ಆಪಲ್‌ನ ಮುಚ್ಚಳ ತೆಗೆದು ಸ್ಲಾಟಿಗೆ ಸಿಕ್ಕಿಸಿ, ಸಿಪಿ/ಎಂ ಡಿಸ್ಕ್ ಹಾಕಿದರೆ ಆಯಿತು. ಅದೇ ಪೆಟ್ಟಿಗೆಯಲ್ಲಿ ವರ್ಡ್‌ಸ್ಟಾರ್ ಓಡುತ್ತಿತ್ತು.

‘ಹಳೇ ಚಿಪ್ ಕಿತ್ತು ಹಾಕಿದ್ರಾ?’ ಎಂದು ಕೇಳಿದ.

ನಾನು ಕಾಯುತ್ತಿದ್ದ ಪ್ರಶ್ನೆ ಇದೇ. ಇಲ್ಲ, ಕೀಳಲಿಲ್ಲ. ಲೆಕ್ಕಾಚಾರ ಝಡ್-80ರದು. ಆದರೆ ಕೀಲಿಮಣೆ ಒತ್ತಿದ್ದನ್ನು ಗ್ರಹಿಸಲು, ಪರದೆಗೆ ಅಕ್ಷರ ಕಳಿಸಲು, ಡಿಸ್ಕ್ ಓದಲು 6502ನ್ನೇ ಕರೆಯಬೇಕಿತ್ತು. ಒಂದು ದುಡಿಯುವಾಗ ಇನ್ನೊಂದು ಸುಮ್ಮನಿರುತ್ತಿತ್ತು. ಎರಡಕ್ಕೂ ಸ್ಮೃತಿಯ ಮೊದಲ ಮನೆಗಳೇ ಬೇಕು. ಜಗಳವಾಗದಂತೆ ಕಾರ್ಡು ಝಡ್-80ರ ವಿಳಾಸಗಳನ್ನು ಬೇರೆಡೆಗೆ ತಿರುಗಿಸುತ್ತಿತ್ತು.

ಕಷ್ಟವೂ ಇತ್ತು. ಆಪಲ್-2ರ ಪರದೆಯಲ್ಲಿ ಸಾಲಿಗೆ 40 ಅಕ್ಷರ. ಸಿಪಿ/ಎಂ ತಂತ್ರಾಂಶಗಳು ಸಾಮಾನ್ಯವಾಗಿ 80 ಬೇಡುತ್ತಿದ್ದವು. ಅದಕ್ಕೆ ಮತ್ತೊಂದು ಕಾರ್ಡು ಕೊಳ್ಳಬೇಕಿತ್ತು. ಹೊಸ ಭಾಷೆ ಪುಕ್ಕಟೆ ಬರುವುದಿಲ್ಲ.

‘ಇಂಗ್ಲಿಷ್ ನಿನಗೆ ಝಡ್-80 ಇದ್ದಂತೆ. ಅದನ್ನು ಸಿಕ್ಕಿಸಿಕೋ. ಕನ್ನಡವನ್ನು ಮಾತ್ರ ಕೀಳಬೇಡ. ಒಳಗೆ ಹೋಗುವುದೂ ಹೊರಗೆ ಬರುವುದೂ ಅದರ ಮೂಲಕವೇ’ ಎಂದೆ.

ಒಂದು ಕ್ರಮ ಗೊತ್ತುಮಾಡಿದೆವು. ದಿನಕ್ಕೆ ಐದು ಪ್ರಶ್ನೆ. ಇಂಗ್ಲಿಷಿನಲ್ಲಿ ಓದುವುದು, ಅಮ್ಮನಿಗೆ ಕನ್ನಡದಲ್ಲಿ ವಿವರಿಸುವುದು, ಮತ್ತೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವುದು.

‘ನನಗೆ ಫಿಸಿಕ್ಸ್ ಎಲ್ಲಿ ಬರುತ್ತೋ?’ ಎಂದಳು ಅಕ್ಕ.

‘ಬರಬೇಕಿಲ್ಲ, ಕೂತು ಕೇಳು. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನು, ಸಾಕು.’

ಅಡುಗೆಮನೆಯಲ್ಲಿ ಎರಡು ತಿಂಗಳು ಈ ಪಾಠ ನಡೆಯಿತು. ಮುಂದಿನ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು 19. ಪಾಸಾಗಲು 18 ಸಾಕಿತ್ತು. ಹಿಗ್ಗಿ ಕುಣಿಯುವಂಥ ಅಂಕವೇನಲ್ಲ. ಆದರೆ ವಿಭಾಗ ಬದಲಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಕುಕ್ಕರಿನ ಸೀಟಿ ಕೂಗುವುದೇಕೆಂದು ಅವಳೇ ನನಗೆ ವಿವರಿಸಿದಳು.