ಹಿತ್ತಿಲಿನ ಟ್ಯಾಂಕು

ಇಂಥ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿನಿಯರು ತಂತಮ್ಮ ಸಂಸಾರ, ಉದ್ಯೋಗ, ಪ್ರವಾಸಗಳ ವಿಷಯವಾಗಿ ಬರೆಯುವದು ವಾಡಿಕೆ. ನಾವಿಬ್ಬರು ಅಕ್ಕತಂಗಿಯರಾದರೋ ಯುದ್ಧದ ಟ್ಯಾಂಕೊಂದನ್ನು ಕಟ್ಟಿದ ವೃತ್ತಾಂತವನ್ನು ಬರೆಯಲು ಹೊರಟಿರುವೆವು. ವಾಚಕರು ಗಾಬರಿಗೊಳ್ಳಬೇಕಾದದ್ದಿಲ್ಲ. ಅದು ನಿಜವಾದ ಟ್ಯಾಂಕಿನ ಆರರಲ್ಲಿ ಒಂದು ಪಾಲು ಅಳತೆಯದು. ರೇಡಿಯೋ ಅಲೆಗಳ ಆಜ್ಞೆಯಂತೆ ನಡೆಯತಕ್ಕದ್ದು. ಧಾರವಾಡದಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ ಅದನ್ನು ಕಟ್ಟುವದಕ್ಕೆ ಎರಡು ವರ್ಷ ಹಿಡಿಯಿತು.

ಸುದ್ದಿ ಹರಡಿದ ಮೊದಲ ವಾರದಲ್ಲಿಯೇ ನೆರೆಯವರೊಬ್ಬರು ಬಂದು, ಟ್ಯಾಂಕು ಎಷ್ಟು ಲೀಟರಿನದು, ಮಾಳಿಗೆಯ ಮೇಲೆ ಏರಿಸುವವರು ಯಾರು ಎಂದು ವಿಚಾರಿಸಿದರು. ಅವರು ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಈ ಯಂತ್ರವನ್ನು ಮೊದಲು ನಿರ್ಮಿಸುವಾಗ, ಗುಟ್ಟು ಒಡೆಯದಿರಲೆಂದು ನೀರಿನ ತೊಟ್ಟಿಯೆಂಬ ಅರ್ಥ ಬರುವ ಈ ಹೆಸರನ್ನೇ ಬೇಕೆಂದು ಇಟ್ಟರಂತೆ. 1916ರ ಸೆಪ್ಟೆಂಬರ 15ರಂದು ಫ್ರಾನ್ಸ್ ದೇಶದ ಸೋಮ್ ರಣಭೂಮಿಯಲ್ಲಿ ಅದು ಎಲ್ಲರಿಗೂ ಕಾಣಿಸಿಕೊಂಡಿತು. ಗುಟ್ಟು ಹೋಯಿತು, ಹೆಸರು ಉಳಿಯಿತು. ನಮ್ಮ ನೆರೆಯವರು ನೂರು ವರ್ಷ ತಡವಾಗಿ ಮೋಸಹೋದರು, ಅಷ್ಟೆ.

ನಾವು ಆರಿಸಿಕೊಂಡದ್ದು ಸೆಂಚುರಿಯನ್ ಎಂಬ ಬ್ರಿಟಿಷ್ ಟ್ಯಾಂಕು. ಎರಡನೆಯ ಮಹಾಯುದ್ಧವು ಮುಗಿಯುವ ಹೊತ್ತಿಗೆ ಸಿದ್ಧವಾಗಿ, ಮುಂದೆ ನಮ್ಮ ದೇಶದ ಸೈನ್ಯಕ್ಕೂ ಬಂದು, 1965ರಲ್ಲಿ ಪಂಜಾಬಿನ ಅಸಲ್ ಉತ್ತರದಲ್ಲಿ ಕಾದಿದ ಟ್ಯಾಂಕುಗಳಲ್ಲಿ ಇದೂ ಒಂದು. 1971ರ ಡಿಸೆಂಬರ 16ರಂದು ಶಕರ್‌ಗಢ ಭಾಗದ ಬಸಂತರ ನದಿಯ ಬಳಿಯಲ್ಲಿ, ಇಪ್ಪತ್ತೊಂದು ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲರು ಬೆಂಕಿ ಹತ್ತಿದ ತಮ್ಮ ಸೆಂಚುರಿಯನ್ನನ್ನು ಬಿಟ್ಟಿಳಿಯಲು ಒಪ್ಪದೆ ಕಾದಿ ಮಡಿದರು. ಅವರಿಗೆ ಪರಮವೀರ ಚಕ್ರವು ಮರಣೋತ್ತರವಾಗಿ ಸಂದಿತು.

ನಮ್ಮ ತಂದೆಯವರು ಆ ದಿನಗಳಲ್ಲಿ ಸೈನ್ಯದ ದುರಸ್ತಿ ಕಾರ್ಖಾನೆಯೊಂದರಲ್ಲಿ ತರುಣ ಫಿಟ್ಟರರಾಗಿದ್ದರು. ಅವರು ಕಾದಿದವರಲ್ಲ, ಕಾದಿ ಬಂದ ಟ್ಯಾಂಕುಗಳ ಹೊಟ್ಟೆಯೊಳಗೆ ಇಳಿದು, ಅವನ್ನು ತೊಳೆದು, ತಿರುಗಿ ನಡೆಯುವಂತೆ ಮಾಡಿದವರು. ಆ ಕಾಲದ ಒಂದು ಮಾತಾದರೂ ಅವರ ಬಾಯಿಂದ ಹೊರಟದ್ದನ್ನು ನಾವು ಕೇಳಿರಲಿಲ್ಲ. ಎಪ್ಪತ್ತು ದಾಟಿ, ಕಣ್ಣು ಮಂಜಾದ ಮೇಲೆ, ಅವರು ಬೆಳಗಿನಿಂದ ಸಂಜೆಯ ವರೆಗೆ ಪಡಸಾಲೆಯಲ್ಲಿ ಸುಮ್ಮನೆ ಕೂಡ್ರಹತ್ತಿದರು. ಊಟಕ್ಕೆ ಕರೆದರೆ ಏಳುವರು, ಕರೆಯದಿದ್ದರೆ ಇಲ್ಲ. ಆ ಕೈಗಳಿಗೆ ಏನಾದರೊಂದು ಕೆಲಸ ಕೊಡದಿದ್ದರೆ ಅವರನ್ನು ಬಹು ಬೇಗ ಕಳಕೊಳ್ಳುವೆವೆಂಬ ಭಯವು ನಮ್ಮಿಬ್ಬರನ್ನೂ ಹಿಡಿಯಿತು. ಟ್ಯಾಂಕು ಹುಟ್ಟಿದ್ದು ಆ ಭಯದಿಂದ. ಆಟದ ಹವ್ಯಾಸ ಆಮೇಲೆ ಬಂತು.

ಅಳತೆಯ ಲೆಕ್ಕವನ್ನು ಇಲ್ಲಿ ಹೇಳಲೇಬೇಕು. ನಿಜವಾದ ಸೆಂಚುರಿಯನ್ನಿನ ಒಡಲು 7.6 ಮೀಟರ್ ಉದ್ದ, 3.39 ಮೀಟರ್ ಅಗಲ. ಆರರಿಂದ ಭಾಗಿಸಿದರೆ ನಮ್ಮದು 127 ಸೆಂಟಿಮೀಟರ್ ಉದ್ದ, 56 ಅಗಲ. ಅದರ ತೂಕವು ಸುಮಾರು 51 ಟನ್ನು. ಇದನ್ನೂ ಆರರಿಂದಲೇ ಭಾಗಿಸಿ ಎಂಟೂವರೆ ಟನ್ನು ಎಂದು ಹೇಳುವ ಹುಡುಗಿಯನ್ನು ನಮ್ಮ ಗಣಿತದ ಶಿಕ್ಷಕಿಯವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವದರಿಂದ ತೂಕವು ಆರರ ಘನದಿಂದ, ಅಂದರೆ 216ರಿಂದ ಭಾಗವಾಗಿ, 236 ಕಿಲೋಗ್ರಾಮಿಗೆ ಇಳಿಯುವದು. ನಮ್ಮದರಲ್ಲಿ ದಪ್ಪ ಉಕ್ಕಿನ ಕವಚಕ್ಕೆ ಬದಲಾಗಿ ಅಲ್ಯೂಮಿನಿಯಂ ತಗಡು, ಪ್ಲೈವುಡ್ಡು ಇದ್ದುದರಿಂದ ಅದರ ಅರ್ಧಕ್ಕಿಂತಲೂ ಕಡಿಮೆಯಾಯಿತು. ಆದರೂ ನಾಲ್ಕು ಜನ ಹಿಡಿದಲ್ಲದೆ ಮೇಲೇಳದು. ಗಂಟೆಗೆ 35 ಕಿಲೋಮೀಟರಿನ ವೇಗವು ಆರಕ್ಕೆ ಇಳಿದು, ಮನುಷ್ಯರ ನಡಿಗೆಗೆ ಸರಿಹೋಯಿತು. ಅಳತೆಗೋಲು ಇಷ್ಟನ್ನೆಲ್ಲ ಭಾಗಿಸೀತು. ಹಿತ್ತಿಲಿನ ಹರಳುಕಲ್ಲನ್ನು ಮಾತ್ರ ಭಾಗಿಸಲಾರದು. ಗೋಲಿಯಷ್ಟು ದಪ್ಪದ ಕಲ್ಲು ನಮ್ಮ ಟ್ಯಾಂಕಿಗೆ ಕಾಯಿಕೊಬ್ಬರಿಯಷ್ಟು ದಪ್ಪದ್ದು.

ಎಲ್ಲಕ್ಕಿಂತ ಹೆಚ್ಚು ನಮ್ಮನ್ನು ಕಾಡಿದ್ದು, ಹೆಚ್ಚು ಸಂತೋಷ ಕೊಟ್ಟದ್ದೂ, ಟ್ರ್ಯಾಕು ಎಂಬ ಸರಪಳಿಪಟ್ಟಿ. ಸೆಂಚುರಿಯನ್ನಿಗೆ ಒಂದೊಂದು ಪಕ್ಕದಲ್ಲಿ ಆರು ಗಾಲಿ, ಎರಡೆರಡಕ್ಕೆ ಒಂದು ಸ್ಪ್ರಿಂಗಿನ ಜೋಡಣೆ. ಹಿಂದುಗಡೆಯ ಹಲ್ಲಿನ ಚಕ್ರವು ಪಟ್ಟಿಯನ್ನು ಎಳೆಯುವದು. ಮುಂದುಗಡೆಯ ಚಕ್ರವು ಅದನ್ನು ಬಿಗಿಯಾಗಿ ಹಿಡಿಯುವದು. ಪಟ್ಟಿಯ ನಿಜವಾದ ಅಗಲ 61 ಸೆಂಟಿಮೀಟರ್, ನಮ್ಮದು ಹತ್ತು. ಒಂದೊಂದು ಪಟ್ಟಿಗೆ ಸರಿಸುಮಾರು ನೂರು ಕೊಂಡಿ. ಅವನ್ನು ಹುಬ್ಬಳ್ಳಿಯಲ್ಲಿ ಅಲ್ಯೂಮಿನಿಯಮ್ಮಿನಿಂದ ಎರಕ ಹೊಯ್ಯಿಸಿ, ತೂತು ಕೊರೆಯಿಸಿ ತಂದೆವು. ಅಲ್ಲಿಯ ಮಾಲಕರು ನಮ್ಮ ಹಿಂದೆ ಯಾರಾದರೂ ಗಂಡಸರು ಬರುತ್ತಿರುವರೋ ಎಂದು ಮೂರು ಸಾರಿ ಬಾಗಿಲ ಕಡೆಗೆ ನೋಡಿದರು. ಕೊನೆಗೆ ಚಹಾ ತರಿಸಿ, ನಕ್ಷೆಯನ್ನು ತಾವೇ ಬಿಡಿಸಿ ಹರಡಿದರು.

ಮೊದಲ ಹತ್ತು ಕೊಂಡಿಗಳನ್ನು ತಂದೆಯವರ ಮುಂದೆ ಇಟ್ಟೆವು. ಅವರು ಒಂದೊಂದನ್ನೂ ಬೆರಳಿನಿಂದ ಸವರಿ, ತೂತಿನಲ್ಲಿ ಉಕ್ಕಿನ ಮೊಳೆಯನ್ನು ತೂರಿಸಿ ತಿರುಗಿಸಿ, ನಾಲ್ಕನ್ನು ಬೇರೆ ಇಟ್ಟರು. ಅಳೆದು ನೋಡಲಾಗಿ ಆ ನಾಲ್ಕರಲ್ಲಿ ತೂತುಗಳ ನಡುವಿನ ಅಂತರವು ಅರ್ಧ ಮಿಲಿಮೀಟರಿನಷ್ಟು ಹೆಚ್ಚಾಗಿತ್ತು. ಅರ್ಧ ಮಿಲಿಮೀಟರು ಏನು ಮಹಾ ಎಂದು ತಂಗಿ ಕೇಳಿದಳು. ನೂರು ಕೊಂಡಿಗೆ ಎಷ್ಟಾಯಿತು ಎಂದು ಅವರು ತಿರುಗಿ ಕೇಳಿದರು. ಐದು ಸೆಂಟಿಮೀಟರು! ಒಂದು ಪಕ್ಕದ ಪಟ್ಟಿಯು ಇನ್ನೊಂದಕ್ಕಿಂತ ಅಷ್ಟು ಉದ್ದವಾದರೆ ಅದು ಜೋತುಬಿದ್ದು ಹಲ್ಲಿನ ಚಕ್ರವನ್ನು ಬಿಟ್ಟು ಏಳುವದರಲ್ಲಿ ಸಂದೇಹವಿಲ್ಲ. ಆ ದಿನದಿಂದ ತಂದೆಯವರು ಪಡಸಾಲೆಯನ್ನು ಬಿಟ್ಟು ಹಿತ್ತಿಲಿಗೆ ಬಂದು ಕೂತರು.

ಟ್ಯಾಂಕಿಗೆ ಮೋಟಾರುಗಾಡಿಯಂತೆ ಮುಂದಿನ ಗಾಲಿಗಳನ್ನು ಹೊರಳಿಸುವ ಏರ್ಪಾಡಿಲ್ಲವೆಂಬುದು ವಾಚಕರಿಗೆ ತಿಳಿದಿರಬಹುದು. ಒಂದು ಪಕ್ಕದ ಪಟ್ಟಿಯನ್ನು ನಿಧಾನ ಮಾಡಿದರೆ ಅದು ಆ ಕಡೆಗೆ ತಿರುಗುವದು. ಒಂದನ್ನು ಮುಂದಕ್ಕೂ ಒಂದನ್ನು ಹಿಂದಕ್ಕೂ ಓಡಿಸಿದರೆ ನಿಂತಲ್ಲಿಯೇ ಬುಗುರಿಯಂತೆ ತಿರುಗುವದು. ನಿಜವಾದದ್ದರಲ್ಲಿ 650 ಕುದುರೆಬಲದ ಮೀಟಿಯರ್ ಎಂಜಿನ್ನು ಇರುತ್ತಿತ್ತು. ರೋಲ್ಸ್ ರಾಯ್ಸ್ ಕಂಪನಿಯ ವಿಮಾನದ ಎಂಜಿನ್ನಿನಿಂದಲೇ ಅದನ್ನು ರೂಪಿಸಿದ್ದರು. ನಮ್ಮದರಲ್ಲಿ ಎರಡು ವಿದ್ಯುತ್ ಮೋಟಾರು; ಎರಡೂ ಸೇರಿ ಒಂದು ಕುದುರೆಯ ಬಲವೂ ಇಲ್ಲ. ಕೈಯಲ್ಲಿರುವ ಪೆಟ್ಟಿಗೆಯ ಕಡ್ಡಿಯನ್ನು ಓರೆಮಾಡಿದರೆ, ಒಳಗಿನ ಯಂತ್ರವು ಆ ಒಂದು ಆಜ್ಞೆಯನ್ನು ಎರಡು ಮೋಟಾರುಗಳಿಗೆ ಹಂಚಿಕೊಡುವದು. ರೇಡಿಯೋ ಸಂಬಂಧವು ತಪ್ಪಿದ ಕೂಡಲೇ ಎರಡೂ ನಿಲ್ಲಬೇಕು. ಇದನ್ನು ನಾವು ಗಾಲಿಗಳನ್ನು ನೆಲದಿಂದ ಎತ್ತಿಟ್ಟು, ಕೈಪೆಟ್ಟಿಗೆಯನ್ನು ಆರಿಸಿ, ಇಪ್ಪತ್ತು ಸಾರಿ ಪರೀಕ್ಷಿಸಿದೆವು. ಇಷ್ಟು ತೂಕದ ವಸ್ತುವು ಓಣಿಯ ಮಕ್ಕಳ ನಡುವೆ ಒಡೆಯರಿಲ್ಲದೆ ಓಡತಕ್ಕದ್ದಲ್ಲ.

ಜಗಳವು ಎದ್ದದ್ದು ಫಿರಂಗಿಯ ವಿಷಯವಾಗಿ. ಗುಂಡಿನ ಸದ್ದನ್ನೂ ಹೊಗೆಯನ್ನೂ ಹೊರಡಿಸುವ ಉಪಕರಣಗಳು ಈಗ ಕೊಳ್ಳಲು ಸಿಗುವವು. ತಂಗಿಯು ಒಂದನ್ನು ತರಿಸಿಯೇ ಬಿಟ್ಟಿದ್ದಳು. ತಂದೆಯವರು ಅದನ್ನು ಕೈಯಲ್ಲಿ ಹಿಡಿದು, “ಗಾಡಿ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಈ ಸಪ್ಪಳ ಮಾತ್ರ ಹಾಕಬ್ಯಾಡ್ರಿ,” ಅಂದರು. ಬಾಯಿಲ್ಲದ ಟ್ಯಾಂಕು ಎತ್ತಿನ ಗಾಡಿಗಿಂತ ಹೇಗೆ ಮೇಲು ಎಂದು ತಂಗಿ ವಾದಿಸಿದಳು. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು.

ಆ ದಿನಗಳಲ್ಲಿಯೇ ಅವಳು ಗೋಲಿಯಾತ್ ಎಂಬುದರ ವಿಷಯ ಓದಿದಳು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಮಾಡಿದ ಆಳಿಲ್ಲದ ಪುಟ್ಟ ಟ್ಯಾಂಕು ಅದು. ತಂತಿಯ ಮೂಲಕ ದೂರದಿಂದ ನಡೆಸತಕ್ಕದ್ದು. ಉದ್ದ ಒಂದೂವರೆ ಮೀಟರ್, ಅಂದರೆ ನಮ್ಮದಕ್ಕಿಂತ ಒಂದು ಗೇಣು ಹೆಚ್ಚು. ಮೊದಲಿನವುಗಳಲ್ಲಿ ನಮ್ಮದರಂತೆಯೇ ಎರಡು ವಿದ್ಯುತ್ ಮೋಟಾರು. ಹೊಟ್ಟೆಯಲ್ಲಿ 60 ಕಿಲೋ ಸ್ಫೋಟಕ. 1944ರಲ್ಲಿ ವಾರ್ಸಾ ಪಟ್ಟಣದ ಜನರು ದಂಗೆಯೆದ್ದಾಗ ಅವರ ಮೇಲೂ ಅದನ್ನು ನುಗ್ಗಿಸಿದರು. ಓದಿ ಮುಗಿಸಿದ ತಂಗಿಯು ಎದ್ದು ಹೋಗಿ, ಗುಂಡಿನ ಪೆಟ್ಟಿಗೆಯನ್ನು ತಾನೇ ಬಿಚ್ಚಿ ಕಪಾಟಿನಲ್ಲಿ ಇಟ್ಟಳು. ನಮ್ಮ ಟ್ಯಾಂಕಿನ ಫಿರಂಗಿಯು ಏಳುವದು, ಇಳಿಯುವದು, ಸುತ್ತಲೂ ತಿರುಗುವದು, ಸದ್ದು ಮಾಡುವದಿಲ್ಲ.

ಆ ರಾತ್ರಿ ಊಟದ ಹೊತ್ತಿನಲ್ಲಿ ತಂದೆಯವರು, ಯಾರೂ ಕೇಳದೆ, ಒಂದು ಸಂಗತಿ ಹೇಳಿದರು. ದುರಸ್ತಿಗೆ ಬಂದ ಟ್ಯಾಂಕಿನಿಂದ ತಾವು ಮೊದಲು ಹೊರತೆಗೆಯುತ್ತಿದ್ದದ್ದು ಯಂತ್ರದ ಭಾಗಗಳನ್ನಲ್ಲ, ನಾಲ್ಕು ಜನರ ಊಟದ ತಟ್ಟೆಗಳನ್ನು. ತೊಳೆದು ಒರಸಿ ಸಾಲಾಗಿ ಇಡುವರಂತೆ, ಕೇಳಿಕೊಂಡು ಬರುವವರು ಇದ್ದರೆ ಬರಲೆಂದು. ಕೆಲವು ತಟ್ಟೆಗಳು ಅಲ್ಲಿಯೇ ಉಳಿಯುತ್ತಿದ್ದವು. ಇಷ್ಟು ಹೇಳಿ ಮಜ್ಜಿಗೆ ಹಾಕಿಸಿಕೊಂಡರು. ನಮ್ಮ ತಾಯಿಯವರು ಐವತ್ತು ವರ್ಷದ ಸಂಸಾರದಲ್ಲಿ ಕೇಳದ ಮಾತು ಅದು.

ಮಳೆಗಾಲ ಕಳೆದ ಮೇಲೆ ಟ್ಯಾಂಕನ್ನು ಊರ ಹೊರಗೆ ಒಯ್ದೆವು. ಧಾರವಾಡದ ಪಡುವಣಕ್ಕೆ ಕೆಂಪು ನೆಲ, ಮೂಡಣಕ್ಕೆ ಎರೆನೆಲ. ಕೆಂಪು ನೆಲದಲ್ಲಿ ಅದು ಗಜಗಾಂಭೀರ್ಯದಿಂದ ನಡೆಯಿತು. ಎರೆಯ ಹೊಲಕ್ಕೆ ಇಳಿಸಿದಾಗ ಮಣ್ಣು ಹಲ್ಲುಗಳ ನಡುವೆ ಒತ್ತಿಕೊಂಡು ಎಡಗಡೆಯ ಪಟ್ಟಿಯು ಕಳಚಿಬಿದ್ದಿತು. ತಂದೆಯವರು ನೆಲದ ಮೇಲೆ ಕೂತು, ಪಟ್ಟಿಯನ್ನು ನಡುವೆ ಎತ್ತಿ, ಎಷ್ಟು ಜೋತುಬೀಳುವದೆಂದು ಬೆರಳಿನಿಂದಲೇ ನೋಡಿದರು. ಮೊಳೆಗಳು ಸವೆದಂತೆ ಪಟ್ಟಿಯು ಉದ್ದವಾಗುವದಂತೆ. ನಿಜವಾದ ಟ್ಯಾಂಕಿಗೂ ಇದು ತಪ್ಪಿದ್ದಲ್ಲವಂತೆ. ಎಡಗಡೆಯಿಂದ ಒಂದು ಕೊಂಡಿಯನ್ನು ತೆಗೆಯಬೇಕೆಂದು ಅವರು ಹೇಳಿರುವರು. ಬರುವ ಶನಿವಾರ ಆ ಕೆಲಸವಿದೆ. ಮೊಳೆಯನ್ನು ಬಡಿದು ಹೊರಡಿಸುವ ಸುತ್ತಿಗೆಯನ್ನು ತಾವೇ ಹಿಡಿಯುವೆವೆಂದೂ, ನಾವು ಪಟ್ಟಿಯನ್ನು ಅಲುಗದಂತೆ ಹಿಡಿದರೆ ಸಾಕೆಂದೂ ಅವರ ಅಪ್ಪಣೆಯಾಗಿದೆ.